ರೇಡಿಯೇಷನ್ ಚಿಕಿತ್ಸೆ ಮತ್ತು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ

ಕ್ಯಾನ್ಸರ್ ಕೋಶಗಳು ಬೇಗ ಬೇಗ ವಿಭಜನೆಯಾಗುತ್ತವೆ. ರೇಡಿಯೇಷನ್ ಅಂಥ ಕೋಶಗಳಿಗೇ ಹೆಚ್ಚು ಪೆಟ್ಟು ಕೊಡುತ್ತದೆ. ಆದರೆ ನಮ್ಮ ಕರುಳಿನ ಒಳಪದರವೂ 3ರಿಂದ 5 ದಿನಕ್ಕೊಮ್ಮೆ ಹೊಸದಾಗುತ್ತಿರುತ್ತದೆ. ಕಿಬ್ಬೊಟ್ಟೆಗೆ ರೇಡಿಯೇಷನ್ ಕೊಟ್ಟಾಗ ಈ ಪದರಕ್ಕೂ ಏಟು ಬೀಳುತ್ತದೆ. ಮಾರಾಟ ನಡೆಯುತ್ತಲೇ ಇದ್ದು ಹೊಸ ಸರಕು ಬಾರದ ಅಂಗಡಿಯಂತೆ ಅದು ಬರಿದಾಗುತ್ತದೆ. ಆಗ ಭೇದಿ, ಹೊಟ್ಟೆನೋವು ಶುರು. ಭೇದಿ ಜೋರಾದರೆ ಚಿಕಿತ್ಸೆಯನ್ನೇ ಕೆಲವು ದಿನ ನಿಲ್ಲಿಸಬೇಕಾಗಬಹುದು.

ನಾನು ಕಾಮರ್ಸ್ ವಿದ್ಯಾರ್ಥಿನಿ. ಆದರೂ ಇದನ್ನು ಓದಲು ಕಾರಣವಿದೆ. ನನ್ನ ಖಾಲಾಗೆ, ಅಂದರೆ ಅಮ್ಮಿಯ ತಂಗಿಗೆ, ಗರ್ಭಕಂಠದ ಕ್ಯಾನ್ಸರ್. ಮುಂದಿನ ತಿಂಗಳು ರೇಡಿಯೇಷನ್ ಇದೆ. ಮೆಡಿಕಲ್ ಶಾಪಿನಿಂದ ಪ್ರೋಬಯಾಟಿಕ್ ಕ್ಯಾಪ್ಸೂಲ್ ತಂದುಕೊಡಿ ಎಂದು ನೆಂಟರು ಹೇಳುತ್ತಿದ್ದಾರೆ. ಪ್ರೋಬಯಾಟಿಕ್ ಎಂದರೆ ದೇಹಕ್ಕೆ ಉಪಕಾರ ಮಾಡುವ ಜೀವಂತ ಸೂಕ್ಷ್ಮಜೀವಿಗಳು.

ಇವು ಕೆಲಸ ಮಾಡುತ್ತವೆಯೇ? ಇಟಲಿಯಲ್ಲಿ 490 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಔಷಧವಿಲ್ಲದ ಪುಡಿ ತೆಗೆದುಕೊಂಡವರಲ್ಲಿ ಸುಮಾರು ಶೇ. 52 ಮಂದಿಗೆ ಭೇದಿಯಾಯಿತು. 8 ಬಗೆಯ ಬ್ಯಾಕ್ಟೀರಿಯಾ ಇದ್ದ ಪುಡಿ ತೆಗೆದುಕೊಂಡವರಲ್ಲಿ ಶೇ. 32 ಮಂದಿಗೆ ಮಾತ್ರ. ಆದರೆ 2008ರಲ್ಲಿ ಪ್ರಕಟವಾದ ಸ್ಪೇನ್ ದೇಶದ ಅಧ್ಯಯನದಲ್ಲಿ 85 ಮಹಿಳೆಯರಲ್ಲಿ ಒಂದು ಗುಂಪಿಗೆ ಹುದುಗಿಸಿದ ಹಾಲಿನ ಪಾನೀಯ ಕೊಟ್ಟಾಗ ಭೇದಿಯಾದವರ ಸಂಖ್ಯೆ ಕಡಿಮೆಯಾಗಲಿಲ್ಲ. ಎರಡರಲ್ಲೂ ಕೊಟ್ಟ ಬ್ಯಾಕ್ಟೀರಿಯಾ ಬೇರೆ ಬೇರೆ. ಹಾಗಾಗಿ 'ಪ್ರೋಬಯಾಟಿಕ್' ಎಂಬ ಹೆಸರು ನೋಡಿ ಕೊಂಡರೆ ಸಾಲದು, ಯಾವ ತಳಿ, ಎಷ್ಟು ಪ್ರಮಾಣ ಎಂಬುದೂ ಮುಖ್ಯ.

ಸಮಯವೂ ಮುಖ್ಯ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಗಳಿಗೆ ಒಂದು ಬಗೆಯ ಲ್ಯಾಕ್ಟೋಬ್ಯಾಸಿಲಸ್ ಕೊಟ್ಟು ನೋಡಿದರು. ರೇಡಿಯೇಷನ್‌ಗೆ ಮೊದಲೇ ಕೊಟ್ಟಾಗ ಕರುಳಿಗೆ ರಕ್ಷಣೆ ಸಿಕ್ಕಿತು, ಆಮೇಲೆ ಕೊಟ್ಟಾಗ ಸಿಗಲಿಲ್ಲ. ಮನುಷ್ಯರಲ್ಲೂ ಹಾಗೆಯೇ ಎಂದು ಇದರಿಂದಲೇ ಹೇಳಲಾಗದು. ಆದರೂ ವೈದ್ಯರನ್ನು ಮೊದಲೇ ಕೇಳುವುದು ಒಳ್ಳೆಯದು.

ಮನೆಯ ಮೊಸರು ಸಾಕಲ್ಲವೇ ಎನ್ನಬಹುದು. ಮೊಸರು ಒಳ್ಳೆಯ ಆಹಾರ, ಆದರೆ ಅದರಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಅಳೆದಿರುವುದಿಲ್ಲ. ಕೆಲವರಿಗೆ ಆ ದಿನಗಳಲ್ಲಿ ಹಾಲಿನ ಪದಾರ್ಥವೇ ಜೀರ್ಣವಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಇದು: ಚಿಕಿತ್ಸೆಯಿಂದ, ಅದರಲ್ಲೂ ಕೀಮೋಥೆರಪಿ ಜೊತೆಗಿದ್ದರೆ, ಬಿಳಿ ರಕ್ತಕಣಗಳು ಕಡಿಮೆಯಾಗಬಹುದು. ಆಗ ಈ ಜೀವಂತ ಬ್ಯಾಕ್ಟೀರಿಯಾವೇ ರಕ್ತಕ್ಕೆ ಸೇರಿ ಸೋಂಕು ತರುವ ಅಪಾಯವಿದೆ. ಅಪರೂಪ, ಆದರೆ ಜೀವಕ್ಕೆ ಕುತ್ತು.

ಆದ್ದರಿಂದ ಸ್ನೇಹಿತರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ಇದ್ದರೆ ಅದು ಶುರುವಾಗುವ ಮೊದಲೇ ವೈದ್ಯರಿಗೆ ಮೂರು ಪ್ರಶ್ನೆ ಕೇಳಿ: ಪ್ರೋಬಯಾಟಿಕ್ ಬೇಕೇ? ಬೇಕಾದರೆ ಯಾವುದು? ರಕ್ತಪರೀಕ್ಷೆಯ ಪ್ರಕಾರ ಇದು ಸುರಕ್ಷಿತವೇ? ಚಿಕಿತ್ಸೆಯ ನಡುವೆ ಭೇದಿಯಾದರೆ ನಾಚಿಕೆಯಿಂದ ಮುಚ್ಚಿಡದೆ ಅದೇ ದಿನ ತಿಳಿಸಿ.