ಬೆಳಿಗ್ಗೆ ಕೈ ಅದುರಿದರೆ ಡಾಕ್ಟರಿಗೆ ಹೇಳಬೇಕೇ?

ಬೆಳಿಗ್ಗೆ ಎದ್ದ ಕೂಡಲೇ ಮಗಳ ಕೈ ಥಟ್ಟನೆ ಅದುರಿ ಚಹಾ ಲೋಟ ಬೀಳುತ್ತದೆ. "ರಾತ್ರಿಯೆಲ್ಲಾ ಓದಿದ್ದಾಳೆ, ಅದಕ್ಕೇ" ಅಂತೀವಿ. ಒಮ್ಮೆಯಾದರೆ ಇರಲಿ, ಪದೇ ಪದೇ ಆದರೆ ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆರೋಗ ಇರಬಹುದು. ನಿದ್ದೆಗೆಟ್ಟರೆ ಇದು ಹೆಚ್ಚುತ್ತದೆ. ಪೂರ್ತಿ ಫಿಟ್ಸ್ ಬರುವ ತನಕ ಕಾಯಬೇಡಿ. ಯಾವ ಹೊತ್ತು, ಎಷ್ಟು ಸಲ, ಆಗ ಎಚ್ಚರವಿತ್ತೇ ಎಂದು ಬರೆದಿಟ್ಟು, ಆದರೆ ಮೊಬೈಲಿನಲ್ಲಿ ವಿಡಿಯೋ ತೆಗೆದು, ಆ ವಾರವೇ ಡಾಕ್ಟರಿಗೆ ತೋರಿಸಿ. ಹೆಚ್ಚಿನವರಿಗೆ ಮಾತ್ರೆಯಿಂದ ಹತೋಟಿಗೆ ಬರುತ್ತದೆ. "ಮದುವೆಗೆ ತೊಂದರೆಯಾದೀತು" ಎಂದು ಮುಚ್ಚಿಟ್ಟರೆ ಬಾವಿಕಟ್ಟೆಯಲ್ಲೋ ಒಲೆ ಮುಂದೆಯೋ ಬಿದ್ದಾಳು!

ಫಿಟ್ಸ್ ಬಂದೇಬಿಟ್ಟರೆ ಮಗ್ಗುಲಾಗಿ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುವುದಿಲ್ಲ. ಮೊದಲ ಸಲವಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 5 ನಿಮಿಷ ದಾಟಿದರೆ, ಇಲ್ಲವೇ ಎಚ್ಚರವಾಗುವ ಮುಂಚೆ ಮತ್ತೆ ಬಂದರೆ, ಕೂಡಲೇ 108ಕ್ಕೆ ಫೋನ್ ಮಾಡಿ.