ಕೂಸಿನ ಅಣ್ಣನಿಗೆ ಮೊದಲ ತುತ್ತು

ಹಲಸೂರಿನ ಸೋಮೇಶ್ವರ ದೇವಾಲಯಕ್ಕೆ ಕೂಗಳತೆಯಲ್ಲಿರುವ ನಮ್ಮ ಹಳೆಯ ಮನೆಗೆ ಮಗಳು ಎರಡನೆಯ ಬಾಣಂತನಕ್ಕೆಂದು ಬಂದಾಗ, ಬಾಣಂತಿಯ ಪಥ್ಯವನ್ನೂ ಕೂಸಿನ ಎಣ್ಣೆನೀರನ್ನೂ ತನ್ನ ಅಧೀನಕ್ಕೆ ತೆಗೆದುಕೊಂಡ ನನ್ನ ಪತ್ನಿಯು, ನಿವೃತ್ತಿಯಾದಂದಿನಿಂದ ದಿನಪತ್ರಿಕೆಯ ಮರೆಯಲ್ಲಿ ಸುಖವಾಗಿ ಅಡಗಿದ್ದ ನನ್ನನ್ನು ಎಬ್ಬಿಸಿ, ಎರಡೂವರೆ ವರ್ಷದ ಹಿರಿಯ ಮೊಮ್ಮಗನನ್ನು ನನ್ನ ಕೈಗೆ ಒಪ್ಪಿಸಿಬಿಟ್ಟಳು. ಮೂರು ತಿಂಗಳು ಹಲಸೂರಿನಲ್ಲಿಯೂ, ಮಗಳು ಕೃಷ್ಣರಾಜಪುರದ ತನ್ನ ಮನೆಗೆ ಹಿಂದಿರುಗಿದ ತರುವಾಯ ವಾರಕ್ಕೆ ನಾಲ್ಕು ದಿನ ಅಲ್ಲಿಯೂ ನಾನು ಕಲಿತ ಈ ವಿದ್ಯೆಯನ್ನು, ಇಂತಹ ಮನೆಗಳವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಎಳೆಯ ಮಕ್ಕಳಿರುವ ಮನೆಯ ಕಷ್ಟವೆಲ್ಲ ಒಂದೇ ಗಳಿಗೆಯಲ್ಲಿ ಏಳುವ ಎರಡು ಕೂಗುಗಳಲ್ಲಿದೆ. ಆಗ ಮನೆಮಂದಿಯೆಲ್ಲ ತೊಟ್ಟಿಲಿನತ್ತ ಧಾವಿಸುವುದು ರೂಢಿ. ಈ ರೂಢಿಯೇ ತಪ್ಪೆಂದು ನಾನು ವಿನಯಪೂರ್ವಕವಾಗಿ, ಆದರೆ ದೃಢವಾಗಿ ಹೇಳುತ್ತೇನೆ. ಉಸಿರಿಗೆ ತೊಡಕಿಲ್ಲದೆ, ಬಿದ್ದು ಪೆಟ್ಟಾಗದೆ, ಕೇವಲ ಹಸಿವಿನಿಂದಲೋ ಒದ್ದೆಬಟ್ಟೆಯಿಂದಲೋ ಅಳುವ ಕೂಸು ಎರಡು ನಿಮಿಷ ಅತ್ತರೆ ಅದಕ್ಕೆ ಹಾನಿಯೇನೂ ಇಲ್ಲ. ಆ ಎರಡೇ ನಿಮಿಷದಲ್ಲಿ ಹಿರಿಯವನು ಕಿಟಕಿಯ ಸರಳನ್ನೇರಬಲ್ಲನು, ಕೂಸಿನ ಕೆನ್ನೆಯನ್ನು ಚಿವುಟಬಲ್ಲನು, ಎಲ್ಲಕ್ಕಿಂತ ಮಿಗಿಲಾಗಿ ತನಗಿನ್ನು ಈ ಮನೆಯಲ್ಲಿ ಸ್ಥಾನವಿಲ್ಲವೆಂದು ನಿಶ್ಚಯಿಸಿಕೊಳ್ಳಬಲ್ಲನು. ಆದುದರಿಂದ ದಿನಚರಿಯ ಪ್ರತಿಯೊಂದು ಕಾರ್ಯವನ್ನೂ ಹಿರಿಯ ಮಗುವಿನಿಂದ ಆರಂಭಿಸತಕ್ಕದ್ದು.

ಕೂಸು ಬರುವ ಮುನ್ನ

ಹಿರಿಯ ಮಗುವಿನ ಹಾಸಿಗೆಯನ್ನು ಬದಲಿಸುವುದು, ಅಂಗನವಾಡಿಗೋ ಶಿಶುವಿಹಾರಕ್ಕೋ ಸೇರಿಸುವುದು, ಶೌಚದ ಅಭ್ಯಾಸ ಮಾಡಿಸುವುದು ಮೊದಲಾದ ಮಾರ್ಪಾಡುಗಳೇನಿದ್ದರೂ ಹೆರಿಗೆಗೆ ಒಂದೆರಡು ತಿಂಗಳ ಮುಂಚೆಯೇ ಮುಗಿದಿರಲಿ; ಇಲ್ಲವಾದರೆ ಹೆರಿಗೆಯಾಗಿ ಮೂರು ತಿಂಗಳು ಕಳೆಯುವವರೆಗೆ ಆ ಮಾತನ್ನೇ ಎತ್ತಬೇಡಿ. ಕೂಸು ಬಂದ ದಿನವೇ ಇವನನ್ನು ತಾಯಿಯ ಮಗ್ಗುಲಿನಿಂದ ಎಬ್ಬಿಸಿದರೆ, ಎಬ್ಬಿಸಿದವರು ಯಾರೆಂಬ ವಿಷಯದಲ್ಲಿ ಅವನಿಗೆ ಲವಲೇಶವೂ ಸಂದೇಹವುಳಿಯದು.

ಬಟ್ಟೆಯ ಸಿದ್ಧತೆಯನ್ನೂ ಆಗಲೇ ಮಾಡಿಕೊಳ್ಳಬೇಕು. ಶಿವಾಜಿನಗರದ ಅಂಗಡಿಗಳಲ್ಲಿ ಹೊಸ ಬಟ್ಟೆ ಬೇಕಾದಷ್ಟು ದೊರೆಯುವುದಾದರೂ, ಹತ್ತಾರು ಬಾರಿ ಒಗೆತ ಕಂಡು ಮೆದುವಾದ ಹತ್ತಿಯ ಪಂಚೆಗೆ ಸಮನಾದುದು ಬೇರೊಂದಿಲ್ಲ. ನನ್ನ ನಾಲ್ಕು ಪಂಚೆಗಳು ಹೀಗೆ ಸದ್ಗತಿ ಪಡೆದುವು. ರಾತ್ರಿಗೆ ಹಾಗೂ ಪ್ರಯಾಣಕ್ಕೆ ಡೈಪರ್ ಬಳಸುವುದರಲ್ಲಿ ದೋಷವಿಲ್ಲ. ಆದರೆ ಬಳಸಿದುದನ್ನು ಹಸಿಕಸದೊಂದಿಗಾಗಲಿ ಒಣಕಸದೊಂದಿಗಾಗಲಿ ಬೆರೆಸದೆ, ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಪೌರಕಾರ್ಮಿಕರ ಕೈಗೆ ಪ್ರತ್ಯೇಕವಾಗಿಯೇ ಕೊಡಬೇಕೆಂಬುದು ನಮ್ಮ ನಗರದ ನಿಯಮ. ಓದಿ ಮುಗಿಸಿದ ಈ ಪುರವಣಿಯೂ ಆ ಕಾರ್ಯಕ್ಕೆ ಒದಗಿದರೆ ಲೇಖಕನಿಗೇನೂ ಬೇಸರವಿಲ್ಲ.

ಹಾಲೂಡುವ ಹೊತ್ತು

ನವಜಾತ ಶಿಶುವಿಗೆ ದಿನವೊಂದಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲೂಡಬೇಕಾಗುವುದು. ಹಿರಿಯ ಮಗುವಿನ ಕಣ್ಣಿಗೆ ಇವು ತಾಯಿಯು ತನ್ನನ್ನು ಬಿಟ್ಟು ಕುಳಿತುಕೊಳ್ಳುವ ಎಂಟು ಹನ್ನೆರಡು ಸಂದರ್ಭಗಳು. ನಮ್ಮ ಮನೆಯ ಬಹುಪಾಲು ರಂಪಗಳು ಈ ಹೊತ್ತಿನಲ್ಲಿಯೇ ಸಂಭವಿಸುತ್ತಿದ್ದುವಾದುದರಿಂದ, ನಾನೂ ಮಗಳೂ ಅನೇಕ ಪ್ರಯೋಗಗಳ ತರುವಾಯ ಕಂಡುಕೊಂಡ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆನು.

ಕೂಸು ತುಟಿಯನ್ನು ಚಪ್ಪರಿಸುತ್ತ ಮುಷ್ಟಿಯನ್ನು ಬಾಯಿಗೊಯ್ಯಲಾರಂಭಿಸಿದೊಡನೆ, ಅಂದರೆ ಅಳು ಹೊರಡುವ ಮುನ್ನವೇ, ಹಿರಿಯವನಿಗೆ ಒಂದು ತುತ್ತು ತಿನಿಸಬೇಕು: ಅರ್ಧ ಬಾಳೆಹಣ್ಣೋ ತುಪ್ಪ ಸವರಿದ ಇಡ್ಲಿಯ ಚೂರೋ ಸಾಕು. ಎರಡನೆಯದಾಗಿ, ಅವನನ್ನು ಶೌಚಕ್ಕೆ ಕರೆದೊಯ್ದು ಬರಬೇಕು. ಇದನ್ನು ಮರೆತವರು ಹಾಲೂಡುತ್ತಿರುವ ನಡುವೆಯೇ ಅದರ ಫಲವನ್ನು ಅನುಭವಿಸುವರು. ಮೂರನೆಯದಾಗಿ, ತಾಯಿಯು ಮಂಚದ ಮೇಲಲ್ಲದೆ ನೆಲದ ಮೇಲೆ, ಗೋಡೆಗೊರಗಿ, ಹಾಸಿದ ಚಾಪೆಯಲ್ಲಿ ಕುಳಿತುಕೊಳ್ಳಲಿ. ಹಿರಿಯವನು ಪಕ್ಕದಲ್ಲಿಯೇ ತೊಡೆಗೊರಗಿ ಕೂಡಲು ಇದರಿಂದ ಅನುಕೂಲ. ಕೊನೆಯದಾಗಿ, ಆ ಹೊತ್ತಿಗೆ ಮಾತ್ರ ಹೊರಬರುವ ಬುಟ್ಟಿಯೊಂದನ್ನು ಅವನ ಮುಂದಿಡಬೇಕು. ನಮ್ಮ ಬುಟ್ಟಿಯಲ್ಲಿದ್ದುದು ಮುಚ್ಚಳ ತಿರುಗಿಸಬಹುದಾದ ಎರಡು ಸ್ಟೀಲ್ ಡಬ್ಬಿ, ಬಟ್ಟೆ ಒಣಹಾಕುವ ದೊಡ್ಡ ಕ್ಲಿಪ್ಪುಗಳು, ಬಣ್ಣ ಮಾಸಿದ ಒಂದು ಚನ್ನಪಟ್ಟಣದ ಬುಗುರಿ. ಒಂದು ವಾರದಲ್ಲಿ ಬುಟ್ಟಿಯ ಮೇಲಿನ ಮೋಹ ಕರಗುವುದು. ಆಗ ಒಳಗಿನ ಸಾಮಾನನ್ನು ಬದಲಿಸಿದರಾಯಿತು.

ಹಾಲು ಕುಡಿದಾದ ಮೇಲೆ ಕೂಸನ್ನು ಭುಜಕ್ಕೊರಗಿಸಿ ಬೆನ್ನು ತಟ್ಟಿ ತೇಗು ಬರಿಸುವುದು ನನ್ನ ಪಾಲಿನ ಕೆಲಸ. ತಾಯಿಯ ಎರಡೂ ಕೈಗಳು ಆ ಹತ್ತು ನಿಮಿಷ ಹಿರಿಯವನಿಗೆ ಮೀಸಲಾಗುವುದೇ ಇದರ ಮುಖ್ಯ ಪ್ರಯೋಜನ.

ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲೊಂದೇ ಸಾಕು. ನೀರೂ ಬೇಡ, ಜೇನೂ ಬೇಡ, ಬಜೆಯೂ ಬೇಡ. ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ನಾಲಗೆಗೆ ಸೋಕಿಸಲಾಗದು, ಏಕೆಂದರೆ ಅದರಲ್ಲಿರಬಹುದಾದ ಒಂದು ಸೂಕ್ಷ್ಮಜೀವಿಯು ಎಳೆಯ ಕರುಳಿನಲ್ಲಿ ವಿಷವನ್ನುತ್ಪಾದಿಸಬಲ್ಲದು. ಈ ವಿಷಯದಲ್ಲಿ ನನ್ನ ಪತ್ನಿಗೂ ಮಗಳಿಗೂ ನಡೆದ ವಾಗ್ವಾದವನ್ನು ನಾನು ತಟಸ್ಥನಾಗಿ ಆಲಿಸಿ, ಅಂತ್ಯದಲ್ಲಿ ವೈದ್ಯರ ಪಕ್ಷವನ್ನು ಹಿಡಿದೆನು.

ಇಲ್ಲಿ ಒಂದು ಪ್ರಾಸಂಗಿಕ ಮಾತು. ನಮ್ಮ ಹಲಸೂರಿನಂತಹ ದಂಡು ಪ್ರದೇಶದ ಮಕ್ಕಳ ಕಿವಿಗೆ ಕನ್ನಡ, ತಮಿಳು, ತೆಲುಗು, ದಖನಿ ಉರ್ದು, ಇಂಗ್ಲಿಷ್ ಎಲ್ಲವೂ ಒಟ್ಟೊಟ್ಟಿಗೆ ಬೀಳುವುವಷ್ಟೆ. ನಮ್ಮ ಹಿರಿಯವನು ಪಕ್ಕದ ಮನೆಯ ತಮಿಳು ಪಾಟಿಯಿಂದ (ಅಜ್ಜಿಯಿಂದ) ಕಲಿತು ಹಾಲನ್ನು ‘ಪಾಲು’ ಎನ್ನತೊಡಗಿದಾಗ ಮಗಳು ತುಸು ಕಳವಳಗೊಂಡಳು. ನಮ್ಮ ಹಳಗನ್ನಡದಲ್ಲಿಯೂ ಅದು ‘ಪಾಲ್’ ಎಂದೇ ಇದ್ದಿತಾದುದರಿಂದ, ಹುಡುಗನು ಒಂದು ಸಹಸ್ರ ವರ್ಷ ಹಿಂದಕ್ಕೆ ಹೋಗಿರುವನೇ ಹೊರತು ಹೊರಕ್ಕೆ ಹೋಗಿಲ್ಲವೆಂದು ನಾನು ಸಮಾಧಾನ ಹೇಳಿದೆನು.

ಒಂದೇ ಪಾತ್ರೆಯ ಊಟ

ಕೂಸಿಗೆ ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿಯ ಪ್ರಕರಣ. ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಹಾಕಿ, ನೀರು ಬಸಿದು, ಒದ್ದೆಬಟ್ಟೆಯಲ್ಲಿ ಗಂಟುಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹಸಿವಾಸನೆ ಹೋಗುವಷ್ಟು ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟುಕೊಳ್ಳಬೇಕು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿಯೇ ಗಂಟಿಲ್ಲದಂತೆ ಕಲಸಿ, ಆಮೇಲೆ ಒಲೆಯ ಮೇಲಿಟ್ಟು ಕೈಬಿಡದೆ ತಿರುವಬೇಕು. ಮೊದಲ ದಿನಗಳಲ್ಲಿ ಎರಡು ಮೂರು ಚಮಚ ಸಾಕು. ವರ್ಷ ತುಂಬುವವರೆಗೆ ಉಪ್ಪು ಸಕ್ಕರೆಗಳ ಅವಶ್ಯಕತೆಯಿಲ್ಲ. ಕೂಸಿನ ಪಾಲನ್ನು ತೆಗೆದಿಟ್ಟು, ಉಳಿದುದಕ್ಕೆ ಬೆಲ್ಲವನ್ನೂ ಹಾಲನ್ನೂ ಬೆರೆಸಿದರೆ ಅದೇ ಹಿರಿಯವನ ಗಂಜಿ. ಬಟ್ಟಲನ್ನು ಮಾತ್ರ ಮೊದಲು ಅವನ ಮುಂದಿಡಿ.

ಹಿರಿಯವನು ಕೂಸಿಗೆ ಉಪದ್ರವ ಕೊಡುವುದು ಮತ್ಸರದಿಂದಲೇ ಎಂದು ತಿಳಿಯಲಾಗದು. ಔದಾರ್ಯದಿಂದಲೂ ಅಷ್ಟೇ ಅಪಾಯ. ತಾನು ತಿನ್ನುತ್ತಿರುವ ಕಡಲೆಪುರಿಯಲ್ಲಿ ಒಂದನ್ನು ತಮ್ಮನ ಬಾಯಿಗೂ ಇಡುವುದು ಅವನ ಸ್ವಭಾವ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ, ನಾಣ್ಯ, ಗುಂಡಿಯಾಕಾರದ ಬ್ಯಾಟರಿ ಇವು ಇಬ್ಬರ ಕೈಗೂ ಸಿಗಬಾರದು. ವರ್ಷದೊಳಗಿನ ಕೂಸಿನ ಗಂಟಲಿಗೆ ಏನಾದರೂ ಸಿಕ್ಕಿ, ಅಳು ಕೆಮ್ಮು ಎರಡೂ ಹೊರಡದಿದ್ದರೆ, ಅದನ್ನು ಮುಂದೋಳಿನ ಮೇಲೆ ಬೋರಲಾಗಿ, ತಲೆ ತಗ್ಗಿರುವಂತೆ ಮಲಗಿಸಿಕೊಂಡು, ಹೆಗಲಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ತಟ್ಟಿ, ಅಂಗಾತವಾಗಿ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಬಾರಿ ಒತ್ತಬೇಕು. ವಸ್ತು ಹೊರಬರುವವರೆಗೆ ಇದನ್ನೇ ಪುನರಾವರ್ತಿಸುತ್ತಿರುವಾಗ ಇನ್ನೊಬ್ಬರು 108ಕ್ಕೆ ಕರೆಮಾಡಲಿ. ಬಾಯೊಳಗೆ ಕುರುಡಾಗಿ ಬೆರಳು ಹಾಕಬೇಡಿ.

ನೀರಿನ ಮನೆ

ಬೆಂಗಳೂರಿನ ಗೃಹಸ್ಥರು ನೀರನ್ನು ತುಂಬಿಟ್ಟುಕೊಳ್ಳುವ ಜಾತಿಯವರು. ನೂರು ಕಿಲೋಮೀಟರ್ ಆಚೆಯಿಂದ ಏರಿ ಬರುವ ಕಾವೇರಿಯು ಎಲ್ಲ ಬೀದಿಗೂ ಎಲ್ಲ ಹೊತ್ತಿಗೂ ಬರುವುದಿಲ್ಲ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತದ ಯೋಜನೆಯು ಉದ್ಘಾಟನೆಯಾಗಿ ನಗರದ ಹೊರವಲಯದ 110 ಹಳ್ಳಿಗಳತ್ತ ನೀರು ಹರಿಯತೊಡಗಿದ್ದರೂ, ಟ್ಯಾಂಕರಿನ ದಾರಿ ಕಾದ ದಿನಗಳನ್ನು ಕೃಷ್ಣರಾಜಪುರದ ಮನೆಗಳು ಮರೆತಿಲ್ಲ. ಆದುದರಿಂದ ಪ್ರತಿ ಬಚ್ಚಲಿನಲ್ಲಿಯೂ ತುಂಬಿದ ಬಕೆಟ್ಟು, ತುಂಬಿದ ಡ್ರಮ್ಮು.

ಒಂದು ಬೆಳಗ್ಗೆ, ಕೂಸಿಗೆ ಟವೆಲ್ ತರಲೆಂದು ನಾನು ಬೆನ್ನು ತಿರುಗಿಸಿದಷ್ಟರಲ್ಲಿ ಹಿರಿಯವನು ನನ್ನ ಕನ್ನಡಕವನ್ನು ಬಕೆಟ್ಟಿಗೆ ಹಾಕಿ, ಅದನ್ನು ತೆಗೆಯಲು ಬಾಗಿದ್ದನು. ನಾನು ತಿರುಗಿ ನೋಡಿದಾಗ ಅವನ ಎರಡು ಪಾದಗಳೂ ನೆಲವನ್ನು ಬಿಟ್ಟಿದ್ದುವು. ಕಾಲು ಹಿಡಿದೆಳೆದೆನು, ಅವನು ನಕ್ಕನು, ನಾನು ಆ ದಿನವೆಲ್ಲ ಅನ್ನ ಮುಟ್ಟಲಿಲ್ಲ. ಈ ವಯಸ್ಸಿನ ಮಗುವಿನ ತಲೆಯು ಮೈಯ ಅಳತೆಗೆ ಹೋಲಿಸಿದರೆ ಹೆಚ್ಚು ಭಾರವಾಗಿರುವುದರಿಂದ ಒಮ್ಮೆ ಬಾಗಿ ಉರುಳಿದರೆ ತಾನಾಗಿ ಮೇಲೇಳಲಾರದು, ಗೇಣುದ್ದದ ನೀರೂ ಪ್ರಾಣಕ್ಕೆ ಸಾಕು.

ಅಂದಿನಿಂದ ನಾವು ಅನುಸರಿಸುವ ಕ್ರಮ ಹೀಗಿದೆ. ಡ್ರಮ್ಮಿಗೆ ಬಿಗಿಯಾದ ಮುಚ್ಚಳ, ಮುಚ್ಚಳದ ಮೇಲೆ ಮಗುವು ಎತ್ತಲಾಗದ ಭಾರ. ಸ್ನಾನ ಮುಗಿದೊಡನೆ ಬಕೆಟ್ಟು ಬೋರಲು. ಬಚ್ಚಲ ಬಾಗಿಲಿಗೆ ಹೊರಗಡೆ, ದೊಡ್ಡವರ ಎದೆಯೆತ್ತರದಲ್ಲಿ ಚಿಲಕ. ಬಕೆಟ್ಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ರಾಡನ್ನು ನಾನು ಮನೆಯಿಂದಲೇ ಹೊರಗಟ್ಟಿದೆನು. ಸ್ನಾನದ ನೀರು ಬೆರೆಸುವಾಗ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಮೊಣಕೈ ಅದ್ದಿ ಹದ ನೋಡಬೇಕು. ಹಿರಿಯವನ ಸ್ನಾನ ಮೊದಲು ಮುಗಿದು, ಅವನು ಬಟ್ಟೆ ತೊಟ್ಟು ಬೇರೊಬ್ಬರ ಕಣ್ಣಳತೆಯಲ್ಲಿ ಕುಳಿತ ಮೇಲೆಯೇ ಕೂಸಿನ ಎಣ್ಣೆನೀರು. ತಲೆ ಒಣಗಿಸಲು ಕೂಸನ್ನು ಸಾಂಬ್ರಾಣಿಯ ಹೊಗೆಗೆ ಹಿಡಿಯುವ ಪದ್ಧತಿಯು ನೋಡಲು ಎಷ್ಟೇ ರಮ್ಯವಾಗಿದ್ದರೂ, ಎಳೆಯ ಶ್ವಾಸಕೋಶಕ್ಕೆ ಅಹಿತಕರವಾದುದರಿಂದ ಒಣಬಟ್ಟೆಯೇ ಲೇಸು.

ಹೊರಗೆ ಹೊರಡುವಾಗ

2023ರ ಅಕ್ಟೋಬರ್ 9ಕ್ಕೆ ಮುನ್ನ ಹಲಸೂರಿನಿಂದ ಕೃಷ್ಣರಾಜಪುರಕ್ಕೆ ಹೋಗುವುದೆಂದರೆ ಅಲ್ಲಿನ ತೂಗುಸೇತುವೆಯ ಬಳಿ ವಾಹನಗಳ ಹೊಗೆಯಲ್ಲಿ ತಪಸ್ಸು ಮಾಡುವುದೆಂದೇ ಅರ್ಥ. ಅಂದು ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಮೆಟ್ರೋ ಮಾರ್ಗವು ಕೂಡಿಕೊಂಡ ಮೇಲೆ ಹಲಸೂರು, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ ಎಂದು ಹಿರಿಯವನೇ ನಿಲ್ದಾಣಗಳನ್ನು ಎಣಿಸುತ್ತ ಬರುವನು. ಜನಸಂದಣಿಯಿಲ್ಲದ ಹೊತ್ತು, ಅಂದರೆ ಹನ್ನೊಂದರಿಂದ ನಾಲ್ಕರ ನಡುವೆ ಹೊರಡಿ. ಕೂಸನ್ನು ಎದೆಗೆ ಕಟ್ಟಿಕೊಂಡರೆ ಮುಖವು ಬಟ್ಟೆಯಿಂದ ಮುಚ್ಚದೆ, ಗದ್ದವು ಎದೆಗೆ ಒತ್ತದೆ ಇರಬೇಕು. ಎರಡು ಕೈಗಳೂ ಹಿರಿಯವನಿಗೆ ಬಿಡುವಾಗಿರಬೇಕು. ಎಸ್ಕಲೇಟರನ್ನು ಬಿಟ್ಟು ಲಿಫ್ಟನ್ನೇ ಬಳಸಿ.

ಸಂತೆ ಜಾತ್ರೆಗಳಿಗೆ ಕೂಸು ಬೇಡ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಆಗಸ್ಟ್ 29ರ ಧ್ವಜಾರೋಹಣದಿಂದ ಸೆಪ್ಟೆಂಬರ್ 8ರ ಹಬ್ಬದವರೆಗೆ ಸೇರುವ ಜನಸಾಗರದಲ್ಲಿ ಹಿರಿಯವನು ಹೆಗಲೇರಿ ಆನಂದಪಡಲಿ. ದಡಾರದ ಲಸಿಕೆ ಆಗದ ಕೂಸು ಮನೆಯಲ್ಲಿಯೇ ಇರಲಿ.

ಲಸಿಕೆಯ ದಿನಕ್ಕೆ ತಾಯಿ ಕಾರ್ಡನ್ನು ಮರೆಯದೆ ಒಯ್ಯಿರಿ. ಕೂಸಿಗೆ ಹುಟ್ಟಿದಾಗ ಹಾಕಿದುದರ ತರುವಾಯ 6, 10, 14 ವಾರಗಳಲ್ಲಿ, ಮತ್ತೆ 9 ತಿಂಗಳು ತುಂಬಿದಾಗ. ಹಿರಿಯವನಿಗೆ 16ರಿಂದ 24 ತಿಂಗಳ ನಡುವಿನ ಬಲವರ್ಧಕ ಚುಚ್ಚುಮದ್ದು ತಪ್ಪಿದ್ದರೆ ಅದೇ ಪ್ರಯಾಣದಲ್ಲಿ ಮುಗಿಸಬಹುದೇ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಇವೆಲ್ಲ ಉಚಿತ. ಆರು ವಾರದ ಸರದಿಯಲ್ಲಿ ಹನಿಗಳಲ್ಲದೆ ಮೂರು ಸೂಜಿಗಳಿರುತ್ತವೆ, ಎರಡು ತೊಡೆಗೆ ಒಂದೊಂದು, ತೋಳಿಗೊಂದು. ಹಿರಿಯವನಿಗೆ ‘ನೋವಾಗದು’ ಎಂದು ಸುಳ್ಳು ಹೇಳಬೇಡಿ. ‘ಇರುವೆ ಕಚ್ಚಿದಂತಾಗುವುದು, ನಾನು ಹಿಡಿದುಕೊಂಡಿರುತ್ತೇನೆ’ ಎನ್ನಿ. ಮೂರು ತಿಂಗಳೊಳಗಿನ ಕೂಸಿನ ಮೈ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ ಹೊರಡತಕ್ಕದ್ದು.

ರಾತ್ರಿ

ಮಧ್ಯಾಹ್ನ ಇಬ್ಬರೂ ಏಕಕಾಲದಲ್ಲಿ ಮಲಗುವಂತೆ ಮಾಡುವ ಉಪಾಯವು ನನಗಿನ್ನೂ ಸಿದ್ಧಿಸಿಲ್ಲ. ರಾತ್ರಿಯ ವಿಷಯದಲ್ಲಿ ಹೇಳಬಲ್ಲೆನು. ಹಿರಿಯವನಿಗೆ ಮೊದಲು ಕಥೆ, ಅದೂ ತಾಯಿಯಿಂದಲೇ. ಆ ಕಾಲು ಗಂಟೆ ಕೂಸು ನನ್ನ ಭುಜದ ಮೇಲೆ ಅತ್ತರೂ ಚಿಂತೆಯಿಲ್ಲ. ಕೂಸನ್ನು ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ, ದಿಂಬಿಲ್ಲದೆ, ಅಂಗಾತವಾಗಿ ಮಲಗಿಸಬೇಕು. ಅಣ್ಣ ತಮ್ಮಂದಿರನ್ನು ಪಕ್ಕಪಕ್ಕದಲ್ಲಿ ಮಲಗಿಸುವುದು ಚಿತ್ರಕ್ಕೆ ಚೆಂದವೇ ಹೊರತು ನಿದ್ರೆಗಲ್ಲ, ನಿದ್ದೆಯಲ್ಲಿ ಹಿರಿಯವನ ಕೈ ಕೂಸಿನ ಮೂಗಿನ ಮೇಲೆ ಬಿದ್ದೀತು. ಸೀರೆಯ ಜೋಲಿ ಕಟ್ಟುವವರು ಹಿರಿಯವನು ಅದನ್ನು ಉಯ್ಯಾಲೆಯೆಂದೇ ಭಾವಿಸುವನೆಂಬುದನ್ನು ನೆನಪಿಟ್ಟು, ದೊಡ್ಡವರು ಬಳಿಯಿಲ್ಲದಾಗ ಬಿಚ್ಚಿಡಲಿ.

ಇಬ್ಬರೂ ಮಲಗಿದ ಮೇಲೆ ಮರುದಿನದ ಬಟ್ಟೆಗಳನ್ನು ಮಡಚಿ, ಬುಟ್ಟಿಯ ಸಾಮಾನನ್ನು ಬದಲಿಸಿ, ಡಬ್ಬಿಯಲ್ಲಿ ಹಿಟ್ಟು ತಳ ಕಂಡಿದ್ದರೆ ರಾಗಿಯನ್ನು ನೆನೆಹಾಕಿ, ದೀಪವಾರಿಸುವ ಮುನ್ನ ಬಚ್ಚಲಿಗೊಮ್ಮೆ ಹೋಗಿ ಬಕೆಟ್ಟು ಬೋರಲಾಗಿದೆಯೇ ಎಂದು ನೋಡಿ ಬನ್ನಿರಿ.