ಗೊರಕೆ ಮತ್ತು ಉಸಿರುಕಟ್ಟು: ಸರಳ ಸಾಧನಗಳ ಒಂದು ವಿವೇಚನೆ

ಗೊರಕೆಯನ್ನು ನಾವು ಸಾಮಾನ್ಯವಾಗಿ ಹಾಸ್ಯದ ವಸ್ತುವೆಂದೇ ತಿಳಿದಿದ್ದೇವೆ. ಹೆಚ್ಚು ನಿದ್ರಿಸುವವನಿಗೆ ಕುಂಭಕರ್ಣನೆಂದು ಹೆಸರಿಡುತ್ತೇವೆ. ಗಟ್ಟಿಯಾಗಿ ಗೊರಕೆ ಹೊಡೆಯುವವನನ್ನು ಕಂಡು, "ಪುಣ್ಯವಂತ, ತಲೆ ಇಟ್ಟೊಡನೆ ನಿದ್ರೆ" ಎಂದು ಅಸೂಯೆಪಡುವವರೂ ಉಂಟು. ಆದರೆ ಎಲ್ಲ ಗೊರಕೆಯೂ ಸುಖನಿದ್ರೆಯ ಗುರುತಲ್ಲ. ಕೆಲವರಲ್ಲಿ ಅದು ಉಸಿರು ಸಾಗಲು ದಾರಿ ಸಾಲದೆ ದೇಹವು ಪಡುತ್ತಿರುವ ಪಾಡಿನ ಧ್ವನಿಯಾಗಿರುತ್ತದೆ.

ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ೧೮೩೬-೩೭ರಲ್ಲಿ ಪ್ರಕಟಿಸಿದ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ಜೋ ಎಂಬ ಸ್ಥೂಲಕಾಯದ ಹುಡುಗನೊಬ್ಬನು ಬರುತ್ತಾನೆ. ಕೆಲಸದ ನಡುವೆಯೇ ತೂಕಡಿಸುವುದು, ಗೊರಕೆ ಹೊಡೆಯುವುದು ಅವನ ಸ್ವಭಾವ. ಓದುಗರು ಅವನನ್ನು ಕಂಡು ನಕ್ಕರು. ೧೯೫೬ರಲ್ಲಿ ಅಮೆರಿಕದ ವೈದ್ಯರು ಸ್ಥೂಲಕಾಯ, ಹಗಲುನಿದ್ರೆ, ಉಸಿರಾಟದ ಕೊರತೆ ಇವು ಕೂಡಿಬಂದ ಸ್ಥಿತಿಯನ್ನು ವರ್ಣಿಸಿ, ಅದಕ್ಕೆ 'ಪಿಕ್‌ವಿಕ್' ಹೆಸರನ್ನೇ ಇಟ್ಟರು. ೧೯೬೫ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ಇಂಥವರ ಉಸಿರು ನಿದ್ರೆಯಲ್ಲಿ ಮೇಲಿಂದ ಮೇಲೆ ನಿಲ್ಲುವುದನ್ನು ಉಪಕರಣಗಳಿಂದ ದಾಖಲಿಸಿದರು. ಹೀಗೆ ನಗೆಯ ವಸ್ತುವಾಗಿದ್ದುದು ಶಾಸ್ತ್ರದ ವಸ್ತುವಾಯಿತು. ಈಗ ಇದನ್ನು ಸ್ಲೀಪ್ ಆಪ್ನಿಯ ಎನ್ನುತ್ತಾರೆ. ನಾವು ಉಸಿರುಕಟ್ಟು ಎನ್ನೋಣ.

ಇದು ಹೇಗೆ ಉಂಟಾಗುತ್ತದೆ? ಗಂಟಲಿನ ದಾರಿಗೆ ಶ್ವಾಸನಾಳಕ್ಕಿರುವಂತೆ ಗಟ್ಟಿಯಾದ ಆಸರೆಯಿಲ್ಲ. ಎಚ್ಚರವಿರುವಾಗ ಮಾಂಸಖಂಡಗಳು ಅದನ್ನು ಬಿಗಿಯಾಗಿ ತೆರೆದಿಡುತ್ತವೆ. ನಿದ್ರೆಯಲ್ಲಿ ಅವು ಸಡಿಲಗೊಳ್ಳುತ್ತವೆ. ನಾಲಗೆ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾದಾಗ ಮೃದುವಾದ ಅಂಗುಳವೂ ಕಿರುನಾಲಗೆಯೂ ಗಾಳಿಗೆ ಅದುರುತ್ತವೆ, ಅದೇ ಗೊರಕೆ. ದಾರಿ ಪೂರ್ಣವಾಗಿ ಮುಚ್ಚಿದರೆ ಗೊರಕೆ ನಿಂತು ಮೌನವಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಆಗ ಮಿದುಳು ಕ್ಷಣಕಾಲ ಎಚ್ಚೆತ್ತು, ಮಲಗಿದವನು ಏದುಸಿರಿನೊಡನೆ ಮತ್ತೆ ಉಸಿರಾಡುತ್ತಾನೆ. ಬೆಳಗ್ಗೆ ಅವನಿಗೆ ಇದರ ನೆನಪೇ ಇರುವುದಿಲ್ಲ.

ಉಸಿರು ೧೦ ಸೆಕೆಂಡಿಗೆ ಕಡಿಮೆಯಿಲ್ಲದಂತೆ ನಿಂತರೆ, ಅಥವಾ ಬಹಳವಾಗಿ ಕುಗ್ಗಿ ಆಮ್ಲಜನಕ ಇಳಿದರೆ, ಅದನ್ನು ಒಂದು ಸಲವೆಂದು ಎಣಿಸುತ್ತಾರೆ. ಗಂಟೆಗೆ ೫ರಿಂದ ೧೫ರವರೆಗೆ ಆದರೆ ಅಲ್ಪ, ೧೫ರಿಂದ ೩೦ರವರೆಗೆ ಮಧ್ಯಮ, ೩೦ಕ್ಕೆ ಮೇಲ್ಪಟ್ಟರೆ ತೀವ್ರ. ೨೦೧೯ರ ಒಂದು ಅಂದಾಜಿನಂತೆ ಲೋಕದಲ್ಲಿ ೩೦ರಿಂದ ೬೯ ವಯಸ್ಸಿನ ೯೦ ಕೋಟಿಗೂ ಮಿಕ್ಕ ಜನರಲ್ಲಿ ಈ ಎಣಿಕೆ ೫ಕ್ಕೆ ಕಡಿಮೆಯಿಲ್ಲ. ಹಗಲಿನ ತೂಕಡಿಕೆ, ಬೆಳಗಿನ ತಲೆನೋವು, ಮರೆವು, ರಕ್ತದೊತ್ತಡ ಇವು ಇದರ ಸಂಗಾತಿಗಳು. ರಾತ್ರಿಯ ಬಸ್ಸು, ಲಾರಿಗಳನ್ನು ನಡೆಸುವವನಿಗೆ ಈ ವ್ಯಾಧಿಯಿದ್ದರೆ ಅಪಾಯ ಅವನೊಬ್ಬನದಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ.

ಇದರ ಪ್ರಧಾನ ಚಿಕಿತ್ಸೆ ಸಿಡ್ನಿ ನಗರದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ೧೯೮೧ರಲ್ಲಿ ಪ್ರಕಟಿಸಿದ ಸಿ-ಪ್ಯಾಪ್ ಯಂತ್ರ. ಇದು ಮೂಗಿನ ಮುಸುಕಿನ ಮೂಲಕ ಸತತವಾಗಿ ಗಾಳಿಯ ಒತ್ತಡವನ್ನು ಕೊಟ್ಟು ಗಂಟಲು ಮುಚ್ಚದಂತೆ ಹಿಡಿದಿಡುತ್ತದೆ. ಮೊದಲು ಪರೀಕ್ಷಿಸಿದ್ದು ಐವರು ರೋಗಿಗಳ ಮೇಲೆ. ಗುಣದಲ್ಲಿ ಇದಕ್ಕೆ ಸರಿಸಾಟಿ ಕಡಿಮೆ. ಆದರೆ ಬೆಲೆ ಹೆಚ್ಚು, ವಿದ್ಯುತ್ತು ಬೇಕು, ರಾತ್ರಿಯೆಲ್ಲ ಮುಸುಕು ಧರಿಸಲು ಅನೇಕರಿಗೆ ಆಗದು. ಆದುದರಿಂದಲೇ ಜನರು ಸರಳ ಸಾಧನಗಳನ್ನು ಅರಸುತ್ತಾರೆ. ಅಂಗಡಿಗಳಲ್ಲಿ ಅವು ಬಗೆಬಗೆಯಾಗಿ ದೊರೆಯುತ್ತವೆ. ಅವುಗಳನ್ನು ತೂಗಿ ನೋಡಲು ಮೂರು ಪ್ರಶ್ನೆಗಳು ಸಾಕು. ಸಾಧನವು ಅಡಚಣೆಯಿರುವ ಸ್ಥಳದಲ್ಲಿಯೇ ಕೆಲಸ ಮಾಡುತ್ತದೆಯೆ? ಅದನ್ನು ಧರಿಸಿದ ಮೇಲೆ ಉಸಿರುಕಟ್ಟಿನ ಎಣಿಕೆ ಇಳಿಯುತ್ತದೆಯೆ? ಮನುಷ್ಯನು ಅದನ್ನು ರಾತ್ರಿಯೆಲ್ಲ, ವರ್ಷವೆಲ್ಲ ಧರಿಸಬಲ್ಲನೆ?

ಮೊದಲು ಮೂಗಿನ ಪಟ್ಟಿ. ಮೂಗಿನ ಮೇಲೆ ಅಂಟಿಸಿದಾಗ ಇದು ಸ್ಪ್ರಿಂಗಿನಂತೆ ಹೊಳ್ಳೆಗಳನ್ನು ಹಿಗ್ಗಿಸುತ್ತದೆ. ಮೂಗು ಕಟ್ಟಿದವನಿಗೆ ಹಿತವಾದೀತು, ಗೊರಕೆಯೂ ತುಸು ತಗ್ಗೀತು. ಆದರೆ ಉಸಿರು ಕಟ್ಟುವುದು ಗಂಟಲಿನಲ್ಲಿ. ಆದುದರಿಂದ ಇದು ಮೊದಲನೆಯ ಪ್ರಶ್ನೆಯಲ್ಲಿಯೇ ಸೋಲುತ್ತದೆ. ಬಾಯಿ ತೆರೆಯದಂತೆ ಗದ್ದಕ್ಕೆ ಕಟ್ಟುವ ಪಟ್ಟಿಯೂ ಇಂಥದೇ. ಅದನ್ನು ಮಾತ್ರ ಕಟ್ಟಿಕೊಂಡವರ ಎಣಿಕೆ ಇಳಿಯಲಿಲ್ಲವೆಂದು ಪರೀಕ್ಷೆಗಳು ತೋರಿಸಿವೆ.

ಎರಡನೆಯದು ಬೆನ್ನಿಗೆ ಕಟ್ಟುವ ಚೆಂಡು. ಅಂಗಾತ ಮಲಗಿದಾಗ ನಾಲಗೆ ತನ್ನ ಭಾರದಿಂದಲೇ ಹಿಂದಕ್ಕೆ ಬೀಳುತ್ತದೆ. ಅನೇಕ ರೋಗಿಗಳಲ್ಲಿ ಆಗಿನ ಎಣಿಕೆ ಮಗ್ಗುಲಲ್ಲಿ ಮಲಗಿದಾಗಿನ ಎರಡರಷ್ಟಾಗುತ್ತದೆ. ಅಂಗಿಯ ಬೆನ್ನಿಗೆ ಒಂದು ಟೆನಿಸ್ ಚೆಂಡನ್ನು ಹೊಲಿದರೆ ಮಲಗಿದವನು ತಾನಾಗಿ ಮಗ್ಗುಲಾಗುತ್ತಾನೆ. ಖರ್ಚು ಅತ್ಯಲ್ಪ, ತತ್ತ್ವವೂ ಸರಿ. ಆದರೆ ಆಸ್ಟ್ರೇಲಿಯದಲ್ಲಿ ೨೦೦೯ರಲ್ಲಿ ಪ್ರಕಟವಾದ ಒಂದು ವಿಚಾರಣೆಯಲ್ಲಿ, ಸರಾಸರಿ ಎರಡೂವರೆ ವರ್ಷಗಳ ತರುವಾಯ ಚೆಂಡನ್ನು ಇನ್ನೂ ಬಳಸುತ್ತಿದ್ದವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಇದು ಮೂರನೆಯ ಪ್ರಶ್ನೆಯಲ್ಲಿ ಸೋಲುತ್ತದೆ.

ಮೂರನೆಯದು ದವಡೆಯ ಅಚ್ಚು. ಇದು ಮೇಲಿನ ಮತ್ತು ಕೆಳಗಿನ ಹಲ್ಲುಗಳಿಗೆ ಕೂಡಿಸುವ ಕವಚ. ಕೆಳದವಡೆಯನ್ನು ಕೆಲವು ಮಿಲಿಮೀಟರುಗಳಷ್ಟು ಮುಂದಕ್ಕೆ ಹಿಡಿದಾಗ ಅದರೊಡನೆ ನಾಲಗೆಯೂ ಮುಂದೆ ಬಂದು ಗಂಟಲು ತೆರೆಯುತ್ತದೆ. ಇಂಗ್ಲೆಂಡಿನ ಪ್ಯಾಪ್‌ವರ್ತ್ ಆಸ್ಪತ್ರೆಯವರು ೨೦೧೪ರಲ್ಲಿ ಪ್ರಕಟಿಸಿದ ಪರೀಕ್ಷೆ ಇಲ್ಲಿ ಬಹು ಬೋಧಪ್ರದ. ಅಲ್ಪ ಮತ್ತು ಮಧ್ಯಮ ವ್ಯಾಧಿಯ ೯೦ ಮಂದಿಗೆ ಮೂರು ಬಗೆಯ ಅಚ್ಚುಗಳನ್ನು ಸರದಿಯಂತೆ ಕೊಟ್ಟರು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ತಾವೇ ಕಚ್ಚಿ ರೂಪಿಸಿಕೊಳ್ಳುವ ಅಗ್ಗದ ಅಚ್ಚು ಎಣಿಕೆಯನ್ನು ನೂರಕ್ಕೆ ೨೬ರಷ್ಟು, ಹಲ್ಲಿನ ಪಡಿಯಚ್ಚನ್ನು ಅಂಚೆಯಲ್ಲಿ ಕಳುಹಿಸಿ ಮಾಡಿಸುವುದು ೩೩ರಷ್ಟು, ದಂತವೈದ್ಯರು ಅಳತೆಗೆ ಮಾಡಿದುದು ೩೬ರಷ್ಟು ಇಳಿಸಿದವು. ಅಗ್ಗದ್ದೂ ನಿಷ್ಪ್ರಯೋಜಕವಲ್ಲ; ಆದರೆ ರೋಗಿಗಳು ಕಡಮೆ ಮೆಚ್ಚಿದ್ದು ಅದನ್ನೇ. ಅಚ್ಚಿಗೆ ಗಟ್ಟಿಯಾದ ಹಲ್ಲುಗಳು ಬೇಕು. ದವಡೆಯ ಕೀಲುನೋವು, ಕಾಲಕ್ರಮದಲ್ಲಿ ಹಲ್ಲು ಸರಿಯುವುದು ಇದರ ದೋಷಗಳು.

ಧರಿಸುವ ಗಂಟೆಗಳ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯೋಣ. ಒಬ್ಬನಿಗೆ ಗಂಟೆಗೆ ೨೪ ಸಲ ಉಸಿರು ಕಟ್ಟುತ್ತದೆ, ೮ ಗಂಟೆ ನಿದ್ರಿಸುತ್ತಾನೆ ಎನ್ನಿ. ಯಂತ್ರವು ಅದನ್ನು ೨ಕ್ಕೆ ಇಳಿಸುತ್ತದೆ, ಆದರೆ ಅವನು ೪ ಗಂಟೆ ಮಾತ್ರ ಧರಿಸುತ್ತಾನೆ. ಮೊದಲ ೪ ಗಂಟೆಗಳಲ್ಲಿ ೮, ಉಳಿದವುಗಳಲ್ಲಿ ೯೬, ಒಟ್ಟು ೧೦೪. ಅಂದರೆ ಗಂಟೆಗೆ ೧೩. ಅಚ್ಚು ೧೨ಕ್ಕೆ ಮಾತ್ರ ಇಳಿಸುತ್ತದೆ, ಆದರೆ ರಾತ್ರಿಯೆಲ್ಲ ಬಾಯಲ್ಲಿರುತ್ತದೆ. ಆಗ ಗಂಟೆಗೆ ೧೨. ಎರಡೂ ಹೆಚ್ಚುಕಡಿಮೆ ಒಂದೇ. ಯಂತ್ರವನ್ನು ೮ ಗಂಟೆಯೂ ಧರಿಸಿದರೆ ಎಣಿಕೆ ೨ ಮಾತ್ರ ಎಂಬುದನ್ನೂ ಮರೆಯಬಾರದು. ಆಸ್ಟ್ರೇಲಿಯದಲ್ಲಿ ೧೨೬ ಮಂದಿಯ ಮೇಲೆ ನಡೆಸಿ ೨೦೧೩ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಇದನ್ನೇ ಸಮರ್ಥಿಸುತ್ತದೆ. ಯಂತ್ರದಿಂದ ಎಣಿಕೆ ೪.೫ಕ್ಕೆ, ಅಚ್ಚಿನಿಂದ ೧೧.೧ಕ್ಕೆ ಇಳಿಯಿತು. ಆದರೆ ಯಂತ್ರವನ್ನು ರಾತ್ರಿಗೆ ಸರಾಸರಿ ೫.೨ ಗಂಟೆ, ಅಚ್ಚನ್ನು ೬.೫ ಗಂಟೆ ಧರಿಸಿದರು. ಒಂದು ತಿಂಗಳ ಕೊನೆಯಲ್ಲಿ ಹಗಲಿನ ತೂಕಡಿಕೆ, ರಕ್ತದೊತ್ತಡಗಳಲ್ಲಿ ಯಂತ್ರವು ಅಚ್ಚಿಗಿಂತ ಮೇಲಾಗಿ ಕಾಣಲಿಲ್ಲ.

ಸಾಧನವಿಲ್ಲದ ಉಪಾಯಗಳೂ ಉಂಟು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು ೨೦೦೦ದಲ್ಲಿ ಪ್ರಕಟವಾದ ಅಧ್ಯಯನದಂತೆ, ದೇಹದ ತೂಕ ನೂರಕ್ಕೆ ೧೦ರಷ್ಟು ಇಳಿದರೆ ಎಣಿಕೆ ಸುಮಾರು ೨೬ರಷ್ಟು ಇಳಿಯುತ್ತದೆ. ಮದ್ಯವೂ ನಿದ್ರೆಯ ಗುಳಿಗೆಗಳೂ ಗಂಟಲನ್ನು ಇನ್ನಷ್ಟು ಸಡಿಲಿಸುವುದರಿಂದ ಅವನ್ನು ತೊರೆಯುವುದು ಲೇಸು. ೨೦೦೬ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ೨೫ ಮಂದಿಯ ಪೈಕಿ ಕೆಲವರಿಗೆ ನಾಲ್ಕು ತಿಂಗಳು ಡಿಜರಿಡೂ ಎಂಬ ಆಸ್ಟ್ರೇಲಿಯದ ಉದ್ದನೆಯ ಕೊಳವೆವಾದ್ಯವನ್ನು ಊದಿಸಿದರು. ಗಂಟಲಿನ ಮಾಂಸಖಂಡಗಳಿಗೆ ಸಾಧಕವಾಗಿ ಎಣಿಕೆ ಇಳಿಯಿತು. ಪರೀಕ್ಷೆ ಚಿಕ್ಕದು; ಇದನ್ನೇ ನಂಬಿ ಕುಳಿತುಕೊಳ್ಳುವಂತಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಗೊರಕೆಯ ಸದ್ದು ಅಡಗಿದ ಮಾತ್ರಕ್ಕೆ ವ್ಯಾಧಿ ಅಡಗಿತೆಂದು ತಿಳಿಯಕೂಡದು. ಮೇಲೆ ಹೇಳಿದಂತೆ, ಉಸಿರು ನಿಂತಾಗಲೂ ಮೌನವೇ. ಮನೆಯವರ ನಿದ್ರೆಗೆ ಭಂಗ ತಪ್ಪಿಸುವುದು ಬೇರೆ, ಮಲಗಿದವನ ಉಸಿರನ್ನು ಕಾಯುವುದು ಬೇರೆ. ಆದುದರಿಂದ ಸಾಧನವನ್ನು ಕೊಳ್ಳುವ ಮೊದಲು ಒಮ್ಮೆ, ಧರಿಸಿ ರೂಢಿಯಾದ ಮೇಲೆ ಇನ್ನೊಮ್ಮೆ ಎಣಿಕೆಯನ್ನು ಅಳೆಯಿಸಬೇಕು. ಬೆರಳಿಗೂ ಎದೆಗೂ ಕಟ್ಟಿಕೊಂಡು ಮನೆಯಲ್ಲಿಯೇ ಮಲಗಿ ಅಳೆಯುವ ಉಪಕರಣಗಳು ಈಗ ಬಂದಿವೆ. ಎಣಿಕೆ ೩೦ಕ್ಕೆ ಮೇಲ್ಪಟ್ಟವರೂ, ಹೃದ್ರೋಗವುಳ್ಳವರೂ, ವಾಹನ ನಡೆಸಿ ಜೀವಿಸುವವರೂ ವೈದ್ಯರನ್ನು ಕಾಣದೆ ಅಂಗಡಿಯ ಸಾಧನವನ್ನು ನೆಚ್ಚಬಾರದು.

ತನ್ನ ಉಸಿರು ನಿಲ್ಲುವುದನ್ನು ಮಲಗಿದವನು ಅರಿಯಲಾರ. ಪಕ್ಕದಲ್ಲಿ ಎಚ್ಚರವಾಗಿರುವವರೇ ಅರಿಯಬಲ್ಲರು. ಮನೆಯಲ್ಲಾಗಲಿ, ವಿದ್ಯಾರ್ಥಿನಿಲಯದಲ್ಲಾಗಲಿ, ಗೊರಕೆ ತಟ್ಟನೆ ನಿಂತು ಏದುಸಿರಿನೊಡನೆ ಮರುಕಳಿಸುವುದನ್ನು ಕೇಳಿದವರು ಮರುದಿನ ನಕ್ಕು ಸುಮ್ಮನಾಗದೆ, ಅದನ್ನು ಅವನಿಗೆ ತಿಳಿಸಿ ವೈದ್ಯರ ಬಳಿಗೆ ಕಳುಹಿಸಲಿ. ಈ ವ್ಯಾಧಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಮಾಡಬಹುದಾದ ಮೊದಲ ಉಪಕಾರ ಇದೇ.